ನಾಲ್ಕನೇ ಅಧ್ಯಾಯ ಯಾಕೆ ನಿಂತಿದೆ

ಕರಾವಳಿಯ ಹಳೇ ಆಸ್ತಿ ಪದ್ಧತಿಯ ಮೇಲಿನ ನನ್ನ ಥೀಸಿಸ್ ಎಲ್ಲಿಗೆ ಬಂತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಮನೆಯವರು, ಗೈಡ್ ಮೇಡಂ, ಕೊಣಾಜೆ ಬಸ್ಸಿನಲ್ಲಿ ಸಿಗುವ ಜೂನಿಯರ್‌ಗಳು, ಈಗೀಗ ಕೆಳಗಿನ ಮನೆಯ ಆಂಟಿ ಕೂಡ. ಎಲ್ಲರಿಗೂ ಸೇರಿಸಿ ಇಲ್ಲಿ ಹೇಳಿಬಿಡುತ್ತೇನೆ. ಮೂರು ಅಧ್ಯಾಯ ಮುಗಿದಿವೆ. ನಾಲ್ಕನೆಯದು ನಿಂತಿದೆ. ಬೇಕಾದ ದಾಖಲೆ ಮೇಜಿನ ಮೇಲೆಯೇ ಇದೆ. ಅದನ್ನು ಬರೆಯಲು ಕೂತರೆ ನನ್ನ ಸ್ವಂತ ಬದುಕಿನ ಬಗ್ಗೆಯೂ ಒಂದು ಮಾತು ಹೇಳಬೇಕಾಗುತ್ತದೆ, ಅದಕ್ಕೇ ದಿನ ದೂಡುತ್ತಿದ್ದೇನೆ.

ದಿನ ದೂಡುವಾಗಲೂ ಕೈತುಂಬ ಕೆಲಸ ಇರುತ್ತದೆ. ಈಗ ಆಟಿ, ತುಳುವರ ಮಳೆಗಾಲದ ತಿಂಗಳು. ಮಂಗಳೂರಿನ ಮಳೆಗೆ ಜೆರಾಕ್ಸ್ ಹಾಳೆಗಳಿಗೆಲ್ಲ ಬೂಸ್ಟು ಬಂದಿದೆ. ಅವನ್ನು ಫ್ಯಾನಿನ ಅಡಿಯಲ್ಲಿ ಹರಡಿ, ಒರೆಸಿ, ಮತ್ತೆ ಕಟ್ಟಿಡುವಷ್ಟರಲ್ಲಿ ಮಧ್ಯಾಹ್ನ. ನನ್ನ ಸಂಗಾತಿ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾಳೆ. ಹೋಗುವ ಮುಂಚೆ "ಇವತ್ತು ಒಂದು ಪುಟ ಆದ್ರೂ ಬರಿ ಮಾರಾಯ್ತಿ" ಅನ್ನುತ್ತಾಳೆ. ಜೂನ್, ಜುಲೈ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಹಸಿಮೀನು ದುಬಾರಿ; ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಪತ್ರೊಡೆ ಮಾಡಲು ಹೊರಟರೆ ಕೆಸುವಿನ ಎಲೆ ತಂದು, ನಾರು ತೆಗೆದು, ಹಿಟ್ಟು ಹಚ್ಚಿ ಸುತ್ತಿ ಬೇಯಿಸಲು ಅರ್ಧ ದಿನವೇ ಬೇಕು. ಸ್ಟೇಟ್ ಬ್ಯಾಂಕ್ ಸ್ಟಾಪಿನಿಂದ ಬಸ್ಸು ಹತ್ತಿ ಲೈಬ್ರರಿಗೆ ಹೋದರೂ ಅಲ್ಲಿ 1843ರಲ್ಲಿ ಮೋಗ್ಲಿಂಗ್ ಹೊರತಂದ ಮಂಗಳೂರ ಸಮಾಚಾರದ ಬಗ್ಗೆ, ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯ ಬಗ್ಗೆ ಓದುತ್ತಾ ಕೂರುತ್ತೇನೆ. ನನ್ನ ವಿಷಯಕ್ಕೆ ಅದರಿಂದ ಒಂದು ಅಡಿಟಿಪ್ಪಣಿಯೂ ಸಿಗುವುದಿಲ್ಲ. ಆದರೂ ಆ ಓದು ನನಗೆ ಇಷ್ಟ.

ನನ್ನ ವಿಷಯ ಅಳಿಯಸಂತಾನ. ಕರಾವಳಿಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಚಿಕ್ಕದಾಗಿ: ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು, ಹೀಗೆ ಹಲವು ಸಮುದಾಯಗಳಲ್ಲಿ ವಂಶ ಮತ್ತು ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಗಂಡಸಿನ ಹಕ್ಕು ಅವನ ಮಕ್ಕಳನ್ನು ಬಿಟ್ಟು ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಇದಕ್ಕೆ ಭೂತಾಳ ಪಾಂಡ್ಯನ ಕಥೆ ಹೇಳುತ್ತಾರೆ. ಕುಂಡೋದರ ಭೂತ ಬಲಿ ಕೇಳಿದಾಗ ಅವನ ಸೋದರಮಾವನ ಹೆಂಡತಿ ಮಗನನ್ನು ಕೊಡಲಿಲ್ಲ, ಮಾವನ ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದಳು, ಹಾಗಾಗಿ ಎಲ್ಲ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿಗೆ ಸೇರಿತ್ತು, ಇಲ್ಲಿನ ಕುಟುಂಬಗಳ ಜಗಳ ಮದ್ರಾಸ್ ಹೈಕೋರ್ಟಿಗೆ ಹೋಗುತ್ತಿತ್ತು. ಹೆಂಡತಿ ಕೊನೆಯವರೆಗೂ ತನ್ನ ತಾಯಿಮನೆಯ ಸದಸ್ಯಳಾಗಿಯೇ ಉಳಿಯುವ, ಇಬ್ಬರಲ್ಲಿ ಯಾರು ಬೇಕಾದರೂ ಬಿಟ್ಟುಹೋಗಬಹುದಾದ ಈ ಸಂಬಂಧವನ್ನು ಕಾನೂನಿನ ಪ್ರಕಾರ ಮದುವೆ ಅನ್ನಬಹುದೇ ಅಂತ ಬ್ರಿಟಿಷರ ಕಾಲದ ನ್ಯಾಯಾಧೀಶರಿಗೆ ಅನುಮಾನ ಇತ್ತು.

ನಾಲ್ಕನೇ ಅಧ್ಯಾಯ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯದ್ದು. ಅದುವರೆಗೆ ಒಬ್ಬರು ಕೇಳಿದರೆಂದು ಕುಟುಂಬದ ಆಸ್ತಿ ಪಾಲು ಮಾಡುವ ಹಾಗಿರಲಿಲ್ಲ. ಈ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಕಡೆಯಿಂದ ಮುಂದುವರಿಯುವ ಎಲ್ಲರೂ. ಗಂಡಸಾದರೆ ಅವನ ತಾಯಿಯ ಕವರೇ ಅವನ ಕವರು. ಆಮೇಲೆ ಕಾಯ್ದೆ ಇವನ್ನು ಎರಡು ಬಗೆ ಮಾಡುತ್ತದೆ. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಪಾಲಾಗುವಾಗ ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ, ನಿಸ್ಸಂತತಿ ಕವರಿಗೆ ಸಿಗುವ ಪಾಲು ಅದರಲ್ಲಿರುವವರು ಬದುಕಿರುವಷ್ಟು ದಿನ ಮಾತ್ರ. ಆಮೇಲೆ ಅದು ಕುಟುಂಬಕ್ಕೆ ಅಥವಾ ಹತ್ತಿರದ ಸಂತತಿ ಕವರಿಗೆ ಹೋಗುತ್ತದೆ.

ಈ ಲೆಕ್ಕದಲ್ಲಿ ಮದುವೆಯ ಮಾತೇ ಇಲ್ಲ ನೋಡಿ. ನಾಲ್ಕು ಮಕ್ಕಳ ತಂದೆಯಾದರೂ, ತಾಯಿ ತೀರಿಕೊಂಡಿದ್ದು ಅಕ್ಕತಂಗಿಯರಿಲ್ಲದ ಗಂಡಸು ನಿಸ್ಸಂತತಿ. ಮದುವೆಯೇ ಬೇಡ ಅಂದ 30 ವರ್ಷದ ಹೆಂಗಸು ಸಂತತಿ. ಆ ಕಾಯ್ದೆಯನ್ನು ಇವತ್ತು ನಮ್ಮ ಮನೆಗೆ ಹಚ್ಚಿ ನೋಡಿದರೆ, ಹೆಂಡತಿ ಮಕ್ಕಳಿರುವ ನನ್ನ ಅಣ್ಣ ಸಂತತಿ ಕವರಿನವನಾಗುವುದು ನಾನು ಇರುವುದರಿಂದ. ಇನ್ನೊಬ್ಬ ಹೆಂಗಸಿನ ಜೊತೆ ಬಾಡಿಗೆ ಮನೆಯಲ್ಲಿ ಸಂಸಾರ ಮಾಡುತ್ತಿರುವ ನಾನು! ಇದನ್ನು ಹೇಳಿದಾಗ ನನ್ನ ಸಂಗಾತಿ ನಂಬಲಿಲ್ಲ. ಕಲಂ ತೋರಿಸು ಅಂದಳು. ತೋರಿಸಿದೆ. ನಿಧಾನವಾಗಿ ಎರಡು ಸಲ ಓದಿದಳು.

ಕುಟುಂಬ ಅಂದರೆ ಗಂಡ, ಹೆಂಡತಿ, ಮಕ್ಕಳು, ನಮ್ಮ ಸಂಸ್ಕೃತಿಯೇ ಅದು, ನಿಮ್ಮದೆಲ್ಲ ಹೊರಗಿನಿಂದ ಬಂದದ್ದು ಅಂತ ನನಗೆ ಹೇಳಿದವರು ಬಹಳ ಜನ. ಪ್ರೀತಿ ಇರುವವರೂ ಹೇಳಿದ್ದಾರೆ. ಅವರಿಗೆ ಈ ಅಧ್ಯಾಯ ಉತ್ತರ ಕೊಡುತ್ತದೆ. ಇದೇ ಜಿಲ್ಲೆಯಲ್ಲಿ, ನನ್ನ ಅಜ್ಜಿಯ ಕಾಲದಲ್ಲಿ, ಗಂಡ ಹೆಂಡತಿಯನ್ನು ನಡುವೆ ಇಡದೆಯೇ ಕುಟುಂಬವನ್ನು ವಿವರಿಸಿದ ಕಾನೂನು ಇತ್ತು. ಈ ಸಾಲನ್ನು ಬರೆಯಲು ನನಗೆ ಅಂಜಿಕೆ ಇಲ್ಲ.

ಹಾಗಂತ ನನ್ನ ಗೆಳೆಯರು ಬಯಸುವ ಸಾಲನ್ನು ನಾನು ಬರೆಯಲಾರೆ. ನಮ್ಮ ಕ್ವಿಯರ್ ಗುಂಪಿನಲ್ಲಿ ಇದನ್ನು ಹೇಳಿದಾಗ ಎಲ್ಲರಿಗೂ ಖುಷಿ. ತುಳುನಾಡು ಮೊದಲಿಂದಲೂ ಹೀಗೇ, ಇಲ್ಲಿ ಹೆಣ್ಣು ಸ್ವತಂತ್ರವಾಗಿದ್ದಳು ಅಂತ ಬರೆದುಬಿಡು ಅಂದರು. ಆದರೆ 50ರ ಗೆರೆ ಯಾಕೆ ಬಂತು ಯೋಚಿಸಿ. ಅದು ಹೆರುವ ವಯಸ್ಸಿನ ಲೆಕ್ಕ. ಕಾಯ್ದೆಗೆ ಗದ್ದೆ ತೋಟದ ಚಿಂತೆ, ಅವು ತಾಯಿಯ ಸಾಲಿನಿಂದ ಆಚೆ ಹೋಗಬಾರದು ಅನ್ನುವ ಚಿಂತೆ. ಹೆಣ್ಣಿನ ಮನಸ್ಸು ಎಲ್ಲಿದೆ ಅಂತ ಅದು ಕೇಳಲಿಲ್ಲ. ಯಜಮಾನಿಕೆ ಹೆಂಗಸಿಗೂ ಬರಬಹುದಿತ್ತು, ಬಂದ ಮನೆಗಳೂ ಇವೆ, ಆದರೂ ಬಹಳ ಕಡೆ ಸೋದರಮಾವನ ಮಾತೇ ನಡೆಯುತ್ತಿತ್ತು. ಜಾತಿಯ ಗೆರೆ ಇದ್ದೇ ಇತ್ತು. ನನ್ನ ಸಂಗಾತಿಗೆ ಅಂಥ ಮನೆಯಲ್ಲಿ ಒಂದು ಸೇರು ಅಕ್ಕಿಯ ಹಕ್ಕೂ ಇರುತ್ತಿರಲಿಲ್ಲ.

ಹೋದ ವರ್ಷ ಕುಟುಂಬದ ಮನೆಯ ತಂಬಿಲಕ್ಕೆ, ಅಂದರೆ ದೈವಗಳಿಗೆ ಕೊಡುವ ಸೇವೆಗೆ, ಅವಳನ್ನು ಕರೆದುಕೊಂಡು ಹೋಗಿದ್ದೆ. ಫ್ರೆಂಡ್ ಅಂತಲೇ ಪರಿಚಯ. ದೊಡ್ಡಮ್ಮ ಒಬ್ಬರು ಅವಳ ಕೈ ಹಿಡಿದು "ನಿನ್ನದು ಯಾವ ಬಳಿ ಮಗಾ?" ಅಂತ ಕೇಳಿದರು. ಹೇಳಿದಳು. ಬಳಿ ಅಂದರೆ ತಾಯಿಯ ಕಡೆಯಿಂದ ಬರುವ ಗೋತ್ರದ ಹಾಗೆ. ಅವಳದು ನಮ್ಮ ಬಳಿ ಅಲ್ಲ. "ಹಾಗಾದ್ರೆ ನೆಂಟ್ರು, ಮೊದಲ ಪಂಕ್ತಿಯಲ್ಲೇ ಕೂತ್ಕೋ" ಅಂತ ಎಲೆ ತೋರಿಸಿದರು. ನಾನು ಮನೆಯವಳು, ಬಡಿಸುವವರ ಜೊತೆ ಇದ್ದೆ. ಎಷ್ಟು ಪ್ರೀತಿಯಿಂದ ಕೂರಿಸಿದರು ಅಂತ ಅವಳು ಈಗಲೂ ಹೇಳುತ್ತಾಳೆ. ಅದು ನಿಜ. ನನಗೆ ಮಾತ್ರ ಅವತ್ತು ಅವಳ ಪಕ್ಕ ಕೂತು ಉಣ್ಣಬೇಕು ಅಂತ ಬಹಳ ಆಸೆಯಾಗಿತ್ತು.

ನನ್ನ ಕೈ ಕಟ್ಟಿಹಾಕಿರುವುದು ಒಂದು ಪಾಲುಪಟ್ಟಿ. ನಮ್ಮದೇ ಕುಟುಂಬದ್ದು, 1952ರದ್ದು. ಅದರಲ್ಲಿ ನನ್ನ ಅಜ್ಜಿಯ ದೊಡ್ಡಮ್ಮ ಒಬ್ಬರೇ ಒಂದು ಕವರು. ವಯಸ್ಸು 50 ದಾಟಿತ್ತು. ಮಕ್ಕಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. ನಿಸ್ಸಂತತಿ ಅಂತ ಬರೆದು, ಒಂದು ಅಡಿಕೆ ತೋಟ, ಎರಡು ಗದ್ದೆ, ಬಾವಿಯ ನೀರು, ಎಲ್ಲವೂ ಅವರ ಜೀವಮಾನಕ್ಕೆ ಅಂತ ಹಾಕಿದ್ದಾರೆ. 1955ರಲ್ಲಿ ಅವರು ತೀರಿಕೊಂಡರು. ತೋಟ ಹತ್ತಿರದ ಸಂತತಿ ಕವರಿಗೆ, ಅಂದರೆ ನಮ್ಮ ಅಜ್ಜಿಯ ಕಡೆಗೆ ಬಂತು. ಆ ಅಡಿಕೆಯ ದುಡ್ಡಿನಲ್ಲಿ ಅಮ್ಮ ಓದಿದರು, ನಾನೂ ಓದಿದೆ. ಇವತ್ತು ಇತಿಹಾಸ ಬರೆಯುತ್ತೇನೆ ಅಂತ ಕೂತಿರುವುದರಲ್ಲಿ ಅವರ ತೋಟದ ಪಾಲು ಇದೆ.

ಅವರೂ ನಮ್ಮವರೇ ಇರಬೇಕು ಅನ್ನುತ್ತಾರೆ ಗೆಳೆಯರು. ಮದುವೆಯಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಬ್ಬ ಹೆಂಗಸನ್ನು ನಮ್ಮ ಗುಂಪಿಗೆ ಸೇರಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕಾಗದದಲ್ಲಿ ಇರುವುದು ಅವರ ಹೆಬ್ಬೆಟ್ಟಿನ ಗುರುತು. ಅಜ್ಜಿ ಹೇಳುತ್ತಿದ್ದುದು ಒಂದಿಷ್ಟು: ಅಡಿಕೆ ಸುಲಿಯಲು ಬಂದವರ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದರಂತೆ, ಒಂದು ಕಾಸು ತಪ್ಪುತ್ತಿರಲಿಲ್ಲವಂತೆ, ಜ್ವರ ಬಂದ ಮಕ್ಕಳು ಯಾರದೇ ಇರಲಿ, ಅವರ ಕೋಣೆಯಲ್ಲೇ ಮಲಗುತ್ತಿದ್ದವಂತೆ. ಇಷ್ಟೇ ಇಟ್ಟುಕೊಂಡು ಅವರನ್ನು ಲೆಸ್ಬಿಯನ್ ಅನ್ನಲಾರೆ. ಆದರೆ ಕಾಯ್ದೆ ಮಾಡಿದ ಹಾಗೆ "ಸಂತತಿ ಇಲ್ಲ" ಅಂತ ಒಂದು ಸಾಲು ಬರೆದು ಮುಂದೆ ಹೋಗಲೂ ನನ್ನಿಂದ ಆಗುವುದಿಲ್ಲ. ಅಧ್ಯಾಯ ನಿಂತಿರುವುದು ಇಲ್ಲೇ.

ಈಚೆಗೆ ನಾವಿಬ್ಬರೂ ಸೇರಿ ಬ್ಯಾಂಕಿನಲ್ಲಿ ಜಾಯಿಂಟ್ ಅಕೌಂಟ್ ತೆರೆದೆವು. 2018ರಲ್ಲಿ ಸುಪ್ರೀಂ ಕೋರ್ಟ್, 377ನೇ ಕಲಮಿನಲ್ಲಿ ನಮ್ಮಂಥವರ ಸಂಬಂಧವನ್ನು ಅಪರಾಧ ಮಾಡಿದ್ದ ಭಾಗವನ್ನು ತೆಗೆದುಹಾಕಿದಾಗ ನಾವು ಇನ್ನೂ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪದೇ ಹೋದಾಗ ಒಂದೇ ಮನೆಯಲ್ಲಿ ಕೂತು ಟಿವಿ ನೋಡಿದ್ದೆವು. ಮರುವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಜಾಯಿಂಟ್ ಅಕೌಂಟ್ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ನನ್ನ ಎಫ್‌ಡಿಗೆ ಅವಳೇ ನಾಮಿನಿ. ಫಾರ್ಮಿನಲ್ಲಿ ಸಂಬಂಧ ಅನ್ನುವ ಕಡೆ ಏನು ಬರೆಯುವುದು ಅಂತ ಯೋಚಿಸುತ್ತಿದ್ದಾಗ ಕೌಂಟರಿನಲ್ಲಿದ್ದವರು "ಫ್ರೆಂಡ್ ಅಂತ ಹಾಕಿ, ಸಾಕು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮನೆಗೆ ಬಂದವಳೇ ಪಾಲುಪಟ್ಟಿ ತೆಗೆದು ಮತ್ತೆ ಓದಿದೆ. ನಾನು ಇಷ್ಟು ದಿನ ಹುಡುಕುತ್ತಿದ್ದುದು ಮದುವೆಗಿಂತ ಹೆಚ್ಚಾಗಿ ಇದನ್ನೇ ಅನ್ನಿಸಿತು: ಯಾರ ಅನ್ನ ಯಾರ ಮನೆಯಲ್ಲಿ, ಯಾರು ಹೋದ ಮೇಲೆ ಯಾರಿಗೆ ಏನು ಉಳಿಯುತ್ತದೆ ಅಂತ ಕಾಗದದ ಮೇಲೆ ಇರುವುದು.

2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಮನೆಯವರು ಹಿಡಿದಿಟ್ಟಿದ್ದ ಒಬ್ಬ ಯುವತಿಯನ್ನು ಬಿಡಿಸಲು ಅವಳ ಸಂಗಾತಿ ಹಾಕಿದ ಅರ್ಜಿಯಲ್ಲಿ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿ ಅಲ್ಲ ಅಂತ ಹೇಳಿತು. ನಮ್ಮೂರಿನ ಅಳಿಯಸಂತಾನದ ಕೇಸುಗಳನ್ನು ಕೇಳಿದ ಅದೇ ಹೈಕೋರ್ಟ್. ಗೈಡ್ ಮೇಡಂಗೆ ಇದನ್ನು ಹೇಳಿದೆ. "ಅಧ್ಯಾಯ 1956ಕ್ಕೇ ನಿಲ್ಲಲಿ, ಇದನ್ನು ಉಪಸಂಹಾರದಲ್ಲಿ ತರುವ. ನಿಮ್ಮ ಅಜ್ಜಿಯ ದೊಡ್ಡಮ್ಮನಿಗೆ ಮಾತ್ರ ಒಂದು ಪೂರ್ತಿ ಭಾಗ ಕೊಡಿ" ಅಂದರು. ಸರಿ ಅನ್ನಿಸಿತು. ಆ ಭಾಗ ಶುರು ಮಾಡಿದ್ದೇನೆ.

ಆದರೆ ಒಬ್ಬರ ಕಥೆಯ ಮೇಲೆ ಒಂದು ಭಾಗ ನಿಲ್ಲುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ 1949ರ ನಂತರದ ಹಳೇ ಪಾಲುಪಟ್ಟಿ ಇದ್ದು, ಅದರಲ್ಲಿ ನಿಸ್ಸಂತತಿ ಕವರು ಅಂತ ಯಾರಾದರೂ ಕಂಡರೆ, ಈ ಮಳೆಗೆ ಬೂಸ್ಟು ಹಿಡಿಯುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯ ಹಿರಿಯರು ಒಪ್ಪಿದರೆ ನನಗೂ ಕಳಿಸಿ. ಆಸ್ತಿಯ ವಿವರ, ಸರ್ವೆ ನಂಬರ್ ಮುಚ್ಚಿಯೇ ಕಳಿಸಿ, ಅದು ನನಗೆ ಬೇಡ. ಆ ವ್ಯಕ್ತಿಯ ಬಗ್ಗೆ ಮನೆಯಲ್ಲಿ ಯಾರಿಗಾದರೂ ಏನಾದರೂ ನೆನಪಿದ್ದರೆ, ಎಷ್ಟು ಸಣ್ಣದಾದರೂ ಸರಿ, ಅದನ್ನೂ ಎರಡು ಸಾಲು ಬರೆಯಿರಿ.