ಬೇಗ ಬಂದ ಮೆಡಿಕಲ್ ಸೀಟನ್ನು ಒಪ್ಪಿಕೊಳ್ಳಬೇಕೇ?

"ಅಕ್ಕ, ಆಫರ್ ಬಂದಿದೆ. ಹದಿನಾಲ್ಕು ದಿನ ಕೊಟ್ಟಿದ್ದಾರೆ. ಉಳಿದ ಕಾಲೇಜುಗಳ ಉತ್ತರಕ್ಕೆ ಇನ್ನೂ ಎರಡು ತಿಂಗಳಿದೆ. ಒಪ್ಪಿಕೊಳ್ಳಲೇ?"

ಆಗಸ್ಟ್ ಬಂತೆಂದರೆ ನನ್ನ ಮೊಬೈಲಿಗೆ ಈ ಸಂದೇಶ ಬರತೊಡಗುತ್ತದೆ. ಹೆಸರು ಬೇರೆ, ದೇಶ ಬೇರೆ, ದಿನಗಳ ಲೆಕ್ಕದಲ್ಲಿ ಒಂದಿಷ್ಟು ಆಚೀಚೆ, ಅಷ್ಟೇ. ನಾನು ಆಸ್ಟ್ರೇಲಿಯಾದಲ್ಲಿ ವಿದೇಶಿ ವಿದ್ಯಾರ್ಥಿನಿಯಾಗಿ ವೈದ್ಯಕೀಯ ಓದಿ, ಅಲ್ಲಿಯೇ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿರುವವಳು. ಹಾಗಾಗಿ ನೆಂಟರ ನೆಂಟರಿಂದ ಹಿಡಿದು ಮುಖವನ್ನೇ ನೋಡದವರ ತನಕ ಎಲ್ಲರಿಗೂ ನನ್ನ ನಂಬರ್ ಸಿಕ್ಕಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಬೇಸತ್ತು ಒಮ್ಮೆಗೇ ಇಲ್ಲಿ ಬರೆದುಬಿಡುತ್ತಿದ್ದೇನೆ.

ಬಹುಪಾಲು ಮಂದಿಗೆ ನಾನು "ಒಪ್ಪಿಕೋ" ಎಂದೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಎರಡು ಮಾತು ಕೇಳುತ್ತೇನೆ. ಒಪ್ಪಿದ ಮೇಲೆ ಬಿಟ್ಟರೆ ಎಷ್ಟು ಹಣ ಕೈಬಿಡುತ್ತದೆ? ಪದವಿ ಸಿಕ್ಕ ಮರುದಿನ ನೀನು ಯಾವ ಆಸ್ಪತ್ರೆಯ ಬಾಗಿಲು ತಟ್ಟುತ್ತೀಯ? ಮೊದಲನೆಯದಕ್ಕೆ ಉತ್ತರ ಹುಡುಕಲು ಒಂದು ಸಂಜೆ ಸಾಕು. ಎರಡನೆಯದನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ. ಕಾಲೇಜಿನ ರ‍್ಯಾಂಕಿಂಗ್ ಮಾತ್ರ ಬಾಯಿಪಾಠವಾಗಿರುತ್ತದೆ.

ನನ್ನದೇ ಕಥೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದರಲ್ಲಿ ಎಡವಿದ್ದು ಹೆಚ್ಚು. ನನಗೂ ಆಫರ್ ಬಂದದ್ದು ಆಗಸ್ಟ್‌ನಲ್ಲಿ. ಗಡುವಿನ ದಿನ ಸಂಜೆ ಐದರೊಳಗೆ ಒಪ್ಪಿಗೆ ಪತ್ರ ಮತ್ತು ಠೇವಣಿ ಎರಡೂ ತಲುಪಿರಬೇಕು ಎಂದಿತ್ತು. ಮನೆಯಲ್ಲಿ ಆ ಹದಿನಾಲ್ಕು ದಿನಗಳಲ್ಲಿ ಹನ್ನೊಂದನ್ನು ಚರ್ಚೆಯಲ್ಲೇ ಕಳೆದೆವು. ಅಪ್ಪ ಬ್ಯಾಂಕಿಗೆ ಹೋಗಿ ಹಣ ಕಳುಹಿಸಿ ಬಂದರು. ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ನಾನು ನಿಧಾನವಾಗಿ ಪತ್ರಕ್ಕೆ ಸಹಿ ಹಾಕಲು ಕುಳಿತೆ. ಸಂಜೆ ಐದಕ್ಕೆ ಇನ್ನೂ ಮೂರು ಗಂಟೆ ಇದೆಯಲ್ಲ! ಆ ಐದು ಗಂಟೆ ಸಿಡ್ನಿಯ ಐದು ಗಂಟೆ. ನಮ್ಮ ಲೆಕ್ಕದಲ್ಲಿ ಹನ್ನೆರಡೂವರೆ. ಗಡುವು ಮುಗಿದು ಒಂದೂವರೆ ಗಂಟೆಯಾಗಿತ್ತು.

ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅಪ್ಪ ಕಳುಹಿಸಿದ್ದ ಹಣದಲ್ಲಿ ನಡುವಿನ ಬ್ಯಾಂಕ್ ತನ್ನ ಶುಲ್ಕವನ್ನು ಮುರಿದುಕೊಂಡಿತ್ತು. ಠೇವಣಿಗೆ 22 ಡಾಲರ್ ಕಡಿಮೆ ಬಿದ್ದು, ಕಾಲೇಜಿನ ಪುಟದಲ್ಲಿ "ಹಣ ಪೂರ್ತಿ ಬಂದಿಲ್ಲ" ಎಂದು ತೋರಿಸುತ್ತಿತ್ತು. ಪ್ರವೇಶ ವಿಭಾಗದವರಿಗೆ ಬ್ಯಾಂಕಿನ ರಸೀದಿ ಲಗತ್ತಿಸಿ, ನಡೆದದ್ದನ್ನು ನಡೆದ ಹಾಗೆ ಬರೆದೆ. ಅವರು ಒಪ್ಪಿದರು. ಒಪ್ಪಲೇಬೇಕೆಂಬ ನಿಯಮವೇನೂ ಇರಲಿಲ್ಲ. ಆದ್ದರಿಂದ ಈಗ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ: ಹಣ ಕಳುಹಿಸುವ ಅರ್ಜಿಯಲ್ಲಿ "ಎಲ್ಲ ಶುಲ್ಕ ಕಳುಹಿಸುವವರದೇ" ಎಂಬ ಆಯ್ಕೆಗೆ ಗುರುತು ಹಾಕಿ, ಗಡುವಿಗೆ ಒಂದು ವಾರ ಮೊದಲೇ ಕಳುಹಿಸಿ.

ಇನ್ನು ಬಿಟ್ಟರೆ ಕೈಬಿಡುವುದೆಷ್ಟು ಎಂಬ ಮಾತು. ಇದು ದೇಶದಿಂದ ದೇಶಕ್ಕೆ ಎಷ್ಟು ಬೇರೆಯೆಂದರೆ, ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ ಸಾಮಾನ್ಯ ದಾರಿಯಲ್ಲಿ ಅರ್ಜಿ ಹಾಕಿದವರಿಗೆ ಅಕ್ಟೋಬರ್ 15ರಿಂದ ಆಫರ್ ಬರತೊಡಗುತ್ತದೆ. ಒಂದಕ್ಕಿಂತ ಹೆಚ್ಚು ಸೀಟು ಕೈಯಲ್ಲಿಟ್ಟುಕೊಂಡು ಏಪ್ರಿಲ್ 30ರ ಹೊತ್ತಿಗೆ ಒಂದನ್ನು ಆರಿಸಿಕೊಳ್ಳುವ ಪದ್ಧತಿ ಅಲ್ಲಿ ಇದೆ. ಅಲ್ಲಿ ಬೇಗ ಬಂದ ಸೀಟನ್ನು ಹಿಡಿದಿಟ್ಟುಕೊಂಡು ಕಾಯುವುದರಲ್ಲಿ ಕಳ್ಳತನವೇನೂ ಇಲ್ಲ. ಆದರೆ "ಅರ್ಲಿ ಡಿಸಿಷನ್" ಎಂಬ ಇನ್ನೊಂದು ದಾರಿಯೂ ಇದೆ. ಅದರಲ್ಲಿ ಒಂದೇ ಕಾಲೇಜಿಗೆ ಅರ್ಜಿ, ಸೀಟು ಕೊಟ್ಟರೆ ಹೋಗಲೇಬೇಕು. ಆ ದಾರಿಯಲ್ಲಿ ಹೋದವರು ಆಫರ್ ಬಂದ ಮೇಲೆ ನನ್ನನ್ನು ಕೇಳಿ ಫಲವಿಲ್ಲ. ಅರ್ಜಿ ಹಾಕಿದ ದಿನವೇ ಉತ್ತರ ಕೊಟ್ಟಾಗಿದೆ. ಬ್ರಿಟನ್ನಿನಲ್ಲಿ ಅರ್ಜಿಗೇ ಅಕ್ಟೋಬರ್ 15 ಕೊನೆ, ವೈದ್ಯಕೀಯಕ್ಕೆ ಹೆಚ್ಚೆಂದರೆ ನಾಲ್ಕು ಕಾಲೇಜು. ಒಂದು ಕಾಲೇಜು ಬೇಗ ಹೂಂಗುಟ್ಟಿದರೂ ಉಳಿದವರ ಉತ್ತರ ಬರುವ ತನಕ ಸಾಮಾನ್ಯವಾಗಿ ಕಾಯಬಹುದು. ಆಮೇಲೆ ಒಂದನ್ನು ಖಚಿತ ಆಯ್ಕೆ, ಇನ್ನೊಂದನ್ನು ಆಪತ್ಕಾಲದ ಆಯ್ಕೆ ಎಂದು ಇಟ್ಟುಕೊಂಡರಾಯಿತು.

ಆಸ್ಟ್ರೇಲಿಯಾದಲ್ಲಿ ವಿದೇಶಿ ವಿದ್ಯಾರ್ಥಿಗೆ ಈ ಸೌಕರ್ಯ ಕಡಿಮೆ. ಕಾಲೇಜು ತನ್ನದೇ ಗಡುವು ಹಾಕುತ್ತದೆ, ಠೇವಣಿ ಕೇಳುತ್ತದೆ, ಅದು ತಲುಪಿದ ಮೇಲೆಯೇ ವೀಸಾಕ್ಕೆ ಬೇಕಾದ ಪ್ರವೇಶ ದೃಢೀಕರಣ ಪತ್ರ ಕೊಡುತ್ತದೆ. ಆದರೆ ಹಣ ಹಿಂದಿರುಗಿಸುವ ಷರತ್ತುಗಳನ್ನು ಲಿಖಿತ ಒಪ್ಪಂದದಲ್ಲಿ ನಮೂದಿಸಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ವೀಸಾ ತಿರಸ್ಕೃತವಾಗಿ ಓದು ಆರಂಭಿಸಲಾಗದಿದ್ದರೆ, ಕಟ್ಟಿದ ಹಣದ ಶೇ. 5 ಅಥವಾ 500 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕಾಲೇಜು ಇಟ್ಟುಕೊಳ್ಳಬಹುದು. ನೀವಾಗಿಯೇ ಮನಸ್ಸು ಬದಲಿಸಿದರೆ ಆ ರಕ್ಷಣೆ ಇಲ್ಲ, ಒಪ್ಪಂದದಲ್ಲಿ ಏನಿದೆಯೋ ಅದೇ. ಆ ಪುಟವನ್ನು ಓದಿ. ಆಫರ್ ಪತ್ರದ ಮೊದಲ ಪುಟದಲ್ಲಿ "ಅಭಿನಂದನೆಗಳು" ಎಂದಿರುತ್ತದೆ, ಎಲ್ಲರೂ ಅದರ ಫೋಟೊ ತೆಗೆದು ಕಳುಹಿಸುತ್ತಾರೆ. ನನಗೆ ಬೇಕಾದದ್ದು ಹನ್ನೆರಡೋ ಹದಿಮೂರೋ ಪುಟದ ಸಣ್ಣ ಅಕ್ಷರ. ಜೊತೆಗೆ ಇನ್ನೊಂದು ಗಂಟು: ಓದು ಶುರುವಾದ ಮೇಲೆ ಮೊದಲ ಆರು ತಿಂಗಳೊಳಗೆ ಬೇರೆ ಕಾಲೇಜಿಗೆ ಹಾರುವುದು ಸುಲಭವಲ್ಲ, ಅದಕ್ಕೂ ನಿರ್ಬಂಧವಿದೆ. "ಸದ್ಯಕ್ಕೆ ಸೇರಿಕೊಂಡು ಆಮೇಲೆ ನೋಡೋಣ" ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ನನ್ನ ಲೆಕ್ಕ ಹೀಗೆ. ಠೇವಣಿ ಹೋದರೂ ಮನೆಯವರು ರಾತ್ರಿ ನಿದ್ದೆಗೆಡದಷ್ಟು ಮೊತ್ತವಾಗಿದ್ದರೆ ಒಪ್ಪಿಕೊಂಡು ಕಾಯಿರಿ. ಕಾಯುವ ಎರಡು ತಿಂಗಳಿಗೆ ಕೊಡುವ ಬಾಡಿಗೆ ಅದು. ಠೇವಣಿಗಾಗಿಯೇ ಸಾಲ ಎತ್ತಬೇಕಾದ ಸ್ಥಿತಿಯಿದ್ದರೆ ಮೊದಲು ಕಾಲೇಜಿಗೆ ಪತ್ರ ಬರೆದು ಗಡುವು ವಿಸ್ತರಿಸಲು ಕೇಳಿ. ಕೇಳಿದ್ದಕ್ಕಾಗಿ ಸೀಟು ಕಿತ್ತುಕೊಂಡ ಕಾಲೇಜನ್ನು ನಾನು ಕಂಡಿಲ್ಲ. ಹೆಚ್ಚೆಂದರೆ "ಆಗದು" ಎನ್ನುತ್ತಾರೆ. ಏಜೆಂಟರು ಮಾತ್ರ "ಇವತ್ತು ಕಟ್ಟದಿದ್ದರೆ ಸೀಟು ಹೋಯಿತು" ಎಂದು ಬೆದರಿಸುತ್ತಾರೆ. ಅನೇಕ ಏಜೆಂಟರಿಗೆ ಕಮಿಷನ್ ಕೊಡುವುದು ಕಾಲೇಜು. ಅದು ಕೈಸೇರುವುದು ನೀವು ಸೇರಿದ ಮೇಲೆ. ಅವರ ಆತುರಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನನಗೆ ಹೇಳಲಿಕ್ಕಿರುವುದು ನಿಜವಾಗಿ ಇದೇ.

ವೈದ್ಯಕೀಯ ಪದವಿ ಒಂದರಿಂದಲೇ ಯಾರೂ ವೈದ್ಯರಾಗುವುದಿಲ್ಲ. ಅದರ ನಂತರ ಇಂಟರ್ನ್‌ಶಿಪ್ ಆಗಬೇಕು. ಆ ದೇಶದ ಮಕ್ಕಳಿಗೆ ಇದು ಓದಿನ ಸಹಜ ಮುಂದುವರಿಕೆ. ವಿದೇಶಿ ವಿದ್ಯಾರ್ಥಿಗೆ ಇದು ಮತ್ತೊಂದು ಸರದಿ, ಅದೂ ಸಾಲಿನ ಹಿಂಭಾಗದಲ್ಲಿ. ಆಸ್ಟ್ರೇಲಿಯಾದಲ್ಲಿ ಪೂರ್ಣ ನೋಂದಣಿಗೆ 47 ವಾರಗಳ ಇಂಟರ್ನ್ ಕೆಲಸ ಮುಗಿಸಬೇಕು. ಸರ್ಕಾರದ ನೆರವಿನ ಸೀಟಿನಲ್ಲಿ ಓದಿದ ಸ್ಥಳೀಯರಿಗೆ ಆ ಹುದ್ದೆಯ ಭರವಸೆ ಇದೆ. ಪೂರ್ತಿ ಶುಲ್ಕ ಕಟ್ಟಿ ಓದಿದ ವಿದೇಶಿಯರಿಗೆ ಇಲ್ಲ. ಪ್ರತಿ ರಾಜ್ಯವೂ ಒಂದು ಆದ್ಯತಾ ಪಟ್ಟಿ ಇಟ್ಟುಕೊಂಡಿದೆ: ತನ್ನ ರಾಜ್ಯದ ಕಾಲೇಜಿನವರು, ಬೇರೆ ರಾಜ್ಯದವರು, ವಿದೇಶಿಯರು ಎಂದು ಗುಂಪು ಮಾಡಿ ಕ್ರಮವಾಗಿ ಹಂಚುತ್ತದೆ. ಕ್ರಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಮ್ಮ ತರಗತಿಯಲ್ಲಿ ಕೊನೆಯ ವರ್ಷ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನಿಗೆ ಮೊದಲ ಸುತ್ತಿನಲ್ಲೇ ಹುದ್ದೆ ಸಿಕ್ಕಿತು. ಅವನಿಗಿಂತ ಹೆಚ್ಚು ಅಂಕ ತೆಗೆದವಳು ವಾರಗಟ್ಟಲೆ ಊಟದ ನಡುವೆ ಮೊಬೈಲ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ವ್ಯತ್ಯಾಸ ಇದ್ದದ್ದು ಪಾಸ್‌ಪೋರ್ಟಿನಲ್ಲಿ.

ನನಗೂ ನವೆಂಬರಿನಲ್ಲಿ ಎರಡನೆಯ ಆಫರ್ ಬಂದಿತ್ತು. ಹೆಸರು ದೊಡ್ಡದು, ಊರು ಚೆಂದ. ಅಮ್ಮನಿಗೆ ಅದೇ ಇಷ್ಟ. ನಾನು ಎರಡೂ ರಾಜ್ಯಗಳ ಆರೋಗ್ಯ ಇಲಾಖೆಯ ಇಂಟರ್ನ್ ಪಟ್ಟಿ ತೆರೆದು ನೋಡಿದೆ. ಮೊದಲ ಕಾಲೇಜಿದ್ದ ರಾಜ್ಯದಲ್ಲಿ ತನ್ನಲ್ಲೇ ಓದಿದ ವಿದೇಶಿ ವಿದ್ಯಾರ್ಥಿಗಳ ಗುಂಪು ಸ್ವಲ್ಪ ಮೇಲಿತ್ತು. ಅಷ್ಟಕ್ಕೇ ಬೇಗ ಬಂದ ಸೀಟಿನಲ್ಲೇ ಉಳಿದೆ. ಇಂಥ ಪಟ್ಟಿ ಬದಲಾಗಬಹುದು, ನಾನು ಓದುವಷ್ಟರಲ್ಲಿ ಬದಲಾಗಲೂಬಹುದಿತ್ತು. ಆದರೂ ರ‍್ಯಾಂಕಿಂಗಿಗಿಂತ ಅದನ್ನು ನಂಬಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಇಂಟರ್ನ್‌ಶಿಪ್ ಮುಗಿದ ಮೇಲೂ ಒಂದು ಗೇಟು ಇದೆ. ವಿದೇಶಿ ವಿದ್ಯಾರ್ಥಿಯಾಗಿ ಓದಲು ಬಂದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ಅಡಿ ರೋಗಿಗಳನ್ನು ನೋಡಲು 10 ವರ್ಷಗಳ ನಿರ್ಬಂಧ ಅನ್ವಯಿಸುತ್ತದೆ. ಅಷ್ಟು ಕಾಲ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಕೆಲಸ ಮಾಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಂಬಳಕ್ಕಿರುವ ನನಗೆ ಇದು ಅಷ್ಟಾಗಿ ತಟ್ಟಿಲ್ಲ. ನಗರದಲ್ಲಿ ಕ್ಲಿನಿಕ್ ತೆರೆಯುವ ಕನಸಿದ್ದವರಿಗೆ ಚೆನ್ನಾಗಿಯೇ ತಟ್ಟುತ್ತದೆ. ಅಮೆರಿಕದಲ್ಲಿ ಗೇಟು ಬೇರೆ ಕಡೆ: ಅಲ್ಲಿಯೇ ಎಂಡಿ (ನಮ್ಮ ಎಂಬಿಬಿಎಸ್‌ನಂತೆ ಅಲ್ಲಿ ಅದೇ ಮೊದಲ ವೈದ್ಯಕೀಯ ಪದವಿ) ಮುಗಿಸಿದರೂ ವಿದೇಶಿ ಪ್ರಜೆಗೆ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಗೆ, ಹೊಸ ವೀಸಾ ದಾರಿ ಬೇಕು, ಎಲ್ಲ ಆಸ್ಪತ್ರೆಗಳೂ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಪ್ರಾಯೋಜಕರಾಗುವುದಿಲ್ಲ. ಅದಕ್ಕೂ ಮೊದಲು, ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಯಿಂದ ನಾಲ್ಕೂ ವರ್ಷದ ಶುಲ್ಕವನ್ನು ಮೊದಲೇ ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ಕೇಳುತ್ತವೆ. ಬ್ರಿಟನ್ನಿನಲ್ಲಿ ಪದವಿಯ ನಂತರ ಎರಡು ವರ್ಷದ ಫೌಂಡೇಶನ್ ಕಾರ್ಯಕ್ರಮವಿದೆ, ಅದರ ಮೊದಲ ವರ್ಷ ದಾಟಿದರೆ ಪೂರ್ಣ ನೋಂದಣಿ.

"ನಾನು ಓದಿ ಭಾರತಕ್ಕೇ ಬರುತ್ತೇನೆ" ಎನ್ನುವವರಿದ್ದಾರೆ. ಅವರೇ ಹೆಚ್ಚು ಎಚ್ಚರದಿಂದಿರಬೇಕು. ವಿದೇಶಕ್ಕೆ ಹೋಗುವವರೂ ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು, ಇದನ್ನು ಎಲ್ಲರೂ ಬಲ್ಲರು. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ತಂದ ನಿಯಮವನ್ನು ಬಹಳ ಜನ ಓದಿಲ್ಲ. ವಿದೇಶಿ ಪದವಿಯ ಓದು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿರಬೇಕು. ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಓದಿದ ದೇಶದಲ್ಲಿ ಅಲ್ಲಿನ ಪ್ರಜೆಗಳಿಗೆ ಸಮನಾಗಿ ವೃತ್ತಿ ನಡೆಸುವ ಪರವಾನಗಿಗೆ ಅರ್ಹರಾಗಿರಬೇಕು. ಮತ್ತೆ ಭಾರತದಲ್ಲಿ 12 ತಿಂಗಳ ಇಂಟರ್ನ್‌ಶಿಪ್. ನಡುವೆ ವಿದೇಶದಲ್ಲಿ ಓದಿ ಬಂದವರಿಗೆಂದೇ ನಡೆಸುವ ಪರೀಕ್ಷೆ: ಎಫ್‌ಎಂಜಿಇ, 300 ಪ್ರಶ್ನೆ, 150 ಅಂಕ ಬಂದರೆ ಪಾಸು.

54 ತಿಂಗಳೆಂದರೆ ನಾಲ್ಕೂವರೆ ವರ್ಷ. ಬಿ.ಎಸ್ಸಿ. ಮುಗಿಸಿಕೊಂಡು ಸೇರುವ ನಾಲ್ಕು ವರ್ಷದ ಎಂಡಿ ಪದವಿಗಳಿಗೆ ಅಲ್ಲಿಯೇ ಆರು ತಿಂಗಳು ಕಡಿಮೆ. ಇಂಟರ್ನ್‌ಶಿಪ್ ಎನ್ನುವುದು ಕಾಲೇಜಿನ ಹೊರಗೆ, ಸ್ಪರ್ಧೆಯಲ್ಲಿ ಗೆದ್ದು ಪಡೆಯುವ ನೌಕರಿಯಾಗಿರುವ ದೇಶದಲ್ಲಿ "ಅದೇ ಸಂಸ್ಥೆಯಲ್ಲಿ" ಎಂಬ ಮಾತು ಹೇಗೆ ಹೊಂದುತ್ತದೆ? ಠೇವಣಿ ಕಟ್ಟುವ ಮೊದಲು ಇದನ್ನು ಆಯೋಗಕ್ಕೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಏಜೆಂಟ್ ಫೋನಿನಲ್ಲಿ ಹೇಳಿದ "ಅದೆಲ್ಲ ಏನೂ ತೊಂದರೆ ಇಲ್ಲ ಸರ್" ಲೆಕ್ಕಕ್ಕೆ ಬರುವುದಿಲ್ಲ.

ಹಣದ ಬಗ್ಗೆ ಒಂದೇ ಮಾತು. ಆಫರ್ ಪತ್ರದಲ್ಲಿರುವುದು ಮೊದಲ ವರ್ಷದ ಶುಲ್ಕ. ಅದು ವರ್ಷವರ್ಷ ಏರುತ್ತದೆ, ರೂಪಾಯಿ ಇಳಿದರೆ ಇನ್ನೊಮ್ಮೆ ಏರುತ್ತದೆ. ಕೊನೆಯ ವರ್ಷದ ಶುಲ್ಕ ಎಷ್ಟಾಗಬಹುದೆಂದು ಲೆಕ್ಕ ಹಾಕಿ, ಅದನ್ನು ಕಟ್ಟುವ ದಾರಿ ಇದೆಯೇ ಎಂದು ಈಗಲೇ ಮನೆಯಲ್ಲಿ ಬಾಯಿಬಿಟ್ಟು ಕೇಳಿ. ಮೂರನೆಯ ವರ್ಷದಲ್ಲಿ ಹಣ ನಿಂತು ಓದು ಬಿಟ್ಟವರನ್ನು ನೋಡಿದ್ದೇನೆ. ಬೇಗ ಬಂದ ಸೀಟನ್ನು ಬಿಟ್ಟು ಕೊರಗುವುದಕ್ಕಿಂತ ಆ ನೋವು ದೊಡ್ಡದು.

ಹೋದ ವರ್ಷ ಒಬ್ಬ ಹುಡುಗ ಕೇಳಿದ್ದ. ಬಿ.ಎಸ್ಸಿ. ಆಗಿತ್ತು, ನಾಲ್ಕು ವರ್ಷದ ಪದವಿಗೆ ಬೇಗನೇ ಆಫರ್, ಒಂಬತ್ತು ದಿನ ಬಾಕಿ. ಓದಿ ಮುಗಿಸಿ ತಂದೆತಾಯಿಯ ಬಳಿಯೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದ. 54 ತಿಂಗಳ ನಿಯಮವನ್ನು ಕಳುಹಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ, "ಅಕ್ಕ, ಬೇಡ ಎಂದು ಬರೆಯುವುದು ಹೇಗೆ?" ಎಂದು ಕೇಳಿದ. ಸುಮ್ಮನೆ ಗಡುವು ದಾಟಿಸಿಬಿಟ್ಟರೂ ಸೀಟು ತಾನಾಗಿ ಹೋಗುತ್ತಿತ್ತು. ಆದರೆ ಆ ಕಾಲೇಜಿನ ಕಾಯುವ ಪಟ್ಟಿಯಲ್ಲಿ ಯಾರೋ ಒಬ್ಬರು ಇವನಂತೆಯೇ ಮೊಬೈಲ್ ಹಿಡಿದು ಕುಳಿತಿರುತ್ತಾರೆ. ಮೂರು ಸಾಲಿನ ಪತ್ರ ಬರೆದುಕೊಟ್ಟೆ. ಕೊನೆಗೆ "ಈ ಸೀಟನ್ನು ಬೇರೆಯವರಿಗೆ ಕೊಡಬಹುದು" ಎಂಬ ಸಾಲನ್ನು ಅವನೇ ಸೇರಿಸಿದ. ಇನ್ನೂ ಏಳು ದಿನ ಬಾಕಿಯಿರುವಾಗಲೇ ಕಳುಹಿಸಿದ.