ಆ ಪ್ರೋಟೀನನ್ನೇ ನಿಲ್ಲಿಸಿದರೆ ಆಗುವುದಿಲ್ಲವೇ?

"ಅಲ್ರೀ, ಆ ಪ್ರೋಟೀನ್ ತಯಾರಾಗೋದನ್ನೇ ಬಂದ್ ಮಾಡಿದ್ರ ಆತಲ್ರೀ?"

ಪುಣೆಯಲ್ಲಿ ಕನ್ನಡ ಸಂಘದ ಕಾರ್ಯಕ್ರಮವಿರಲಿ, ಕೊಥ್ರೂಡಿನ ಪರಿಚಯದವರ ಮನೆಯ ಪೂಜೆಯಿರಲಿ, ನಾನು ಲ್ಯಾಬಿನಲ್ಲಿ ನರಕೋಶ ಬೆಳೆಸುವವಳೆಂದು ಗೊತ್ತಾದರೆ ಈ ಪ್ರಶ್ನೆ ಬರುತ್ತದೆ. ಕೇಳುವವರ ಮನೆಯಲ್ಲಿ ಆಲ್ಝೈಮರ್ ಆದ ತಾಯಿಯೋ ಮಾವನೋ ಇರುತ್ತಾರೆ. ಅವರಿಗೆ ನಿಂತ ಕಾಲಲ್ಲಿ ಉತ್ತರ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಅವರು ಕೇಳುತ್ತಿರುವುದು ಎಪಿಪಿ, ಅಂದರೆ ಅಮಿಲಾಯ್ಡ್ ಪ್ರಿಕರ್ಸರ್ ಪ್ರೋಟೀನ್ ಬಗ್ಗೆ. ಆಲ್ಝೈಮರ್ ಆದವರ ಮಿದುಳಿನಲ್ಲಿ ಗುಡ್ಡೆಗಟ್ಟುವ ಬೀಟಾ ಅಮಿಲಾಯ್ಡ್ ಇದರದೇ ತುಂಡು. ಎಪಿಪಿ ರೋಗಿಗಳಲ್ಲಿ ಮಾತ್ರ ಇರುವ ವಸ್ತುವಲ್ಲ. ನಿಮ್ಮ, ನನ್ನ, ಈಗಷ್ಟೇ ಹುಟ್ಟಿದ ಕೂಸಿನ ನರಕೋಶಗಳೂ ಇದನ್ನು ತಯಾರಿಸುತ್ತಲೇ ಇರುತ್ತವೆ. ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಅದೊಂದರಿಂದಲೇ ಬೇರೆಬೇರೆ ಉದ್ದದ ಪ್ರೋಟೀನುಗಳು ಬರುತ್ತವೆ. ನರಕೋಶಕ್ಕೆ ಬೇಕಾದದ್ದು ಹೆಚ್ಚಾಗಿ 695 ಅಮೈನೊ ಆಮ್ಲಗಳ, ಅಂದರೆ ಪ್ರೋಟೀನ್ ಸರದ ಮಣಿಗಳ, ರೂಪ. ಕೋಶದ ಒಡಲಲ್ಲಿ ಹುಟ್ಟಿ, ಆಕ್ಸಾನ್ ಎಂಬ ಅದರ ಉದ್ದನೆಯ ಎಳೆಯುದ್ದಕ್ಕೂ ಸಾಗಿ, ಎಪಿಪಿ ಸಿನಾಪ್ಸ್‌ವರೆಗೆ, ಅಂದರೆ ಇನ್ನೊಂದು ನರಕೋಶಕ್ಕೆ ಸುದ್ದಿ ದಾಟಿಸುವ ಜಾಗದವರೆಗೆ, ತಲುಪುತ್ತದೆ. ತಲೆಗೆ ಪೆಟ್ಟು ಬಿದ್ದು ಆಕ್ಸಾನ್ ಘಾಸಿಗೊಂಡರೆ ಎಪಿಪಿ ದಾರಿಯಲ್ಲೇ ಗುಡ್ಡೆ ಬೀಳುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಇಂಥ ಗಾಯವನ್ನು ಗುರುತಿಸಲು ಪೆಥಾಲಜಿಸ್ಟರು ಆ ಗುಡ್ಡೆಗಳನ್ನೇ ಹುಡುಕುತ್ತಾರೆ.

ಎಡವಟ್ಟಾಗುವುದು ಅದನ್ನು ಕತ್ತರಿಸುವ ಕಡೆ. ಆಲ್ಫಾ ಸೀಕ್ರಿಟೇಸ್ ಎಂಬ ಕಿಣ್ವ ಕತ್ತರಿಸಿದರೆ ಬೀಟಾ ಅಮಿಲಾಯ್ಡ್ ಹುಟ್ಟುವುದೇ ಇಲ್ಲ. ಬೀಟಾ, ಆಮೇಲೆ ಗಾಮಾ ಸೀಕ್ರಿಟೇಸ್ ಕತ್ತರಿಸಿದರೆ ಹುಟ್ಟುತ್ತದೆ. ಅದರಲ್ಲೂ 42 ಅಮೈನೊ ಆಮ್ಲಗಳ ತುಂಡು ಬೇಗ ಒಂದಕ್ಕೊಂದು ಅಂಟಿ, ಪ್ಲಾಕ್ ಎಂದು ಕರೆಯುವ ಗುಡ್ಡೆ ಆಗುತ್ತದೆ.

ಪ್ರಮಾಣವೂ ಮುಖ್ಯ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಮೂರು, ಹಾಗಾಗಿ ಎಪಿಪಿ ಜೀನೂ ಮೂರು. 40 ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಮಿದುಳಿನಲ್ಲೂ ಪ್ಲಾಕ್ ಇರುತ್ತದೆ. ಇದಕ್ಕೆ ಎದುರಾಗಿ, 2012ರಲ್ಲಿ ಐಸ್‌ಲ್ಯಾಂಡಿನವರಲ್ಲಿ ಸಿಕ್ಕ ಒಂದು ಅಪರೂಪದ ಬದಲಾವಣೆ ಎಪಿಪಿಯ ಮೇಲೆ ಬೀಟಾ ಕತ್ತರಿಯನ್ನು ಮಂದಗೊಳಿಸುತ್ತದೆ, ರೋಗದಿಂದ ಕಾಪಾಡುತ್ತದೆ. ಕೇಳುವವರ ತರ್ಕದಲ್ಲಿ ಹುರುಳಿದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಪೂರ್ತಿ ಬಂದ್? ಎಪಿಪಿ ಇಲ್ಲದ ಇಲಿಗಳು ಬದುಕುತ್ತವೆ, ತೂಕ ಕಡಿಮೆ, ಹಿಡಿತದಲ್ಲಿ ಬಲವಿಲ್ಲ. ಅದರ ಸೋದರ ಪ್ರೋಟೀನ್ ಎಪಿಎಲ್‌ಪಿ2 ಕೂಡ ಇಲ್ಲವಾದರೆ ಹುಟ್ಟಿದ ಸ್ವಲ್ಪದರಲ್ಲೇ ಹೆಚ್ಚಿನ ಮರಿಗಳು ಸಾಯುತ್ತವೆ. ಇನ್ನು ಕತ್ತರಿಯನ್ನೇ ತಡೆಯುವ ಔಷಧಿಗಳು. ಬೀಟಾ ಸೀಕ್ರಿಟೇಸ್ ತಡೆಯುವ ವೆರುಬೆಸೆಸ್ಟಾಟ್ ಅಮಿಲಾಯ್ಡನ್ನು ಇಳಿಸಿತು, ಆದರೂ ರೋಗ ನಿಲ್ಲಲಿಲ್ಲ. ಆರಂಭದ ಹಂತದ ರೋಗಿಗಳಲ್ಲಿ ಗ್ರಹಣಶಕ್ತಿ ಇನ್ನಷ್ಟು ಕುಗ್ಗಿದ ಲಕ್ಷಣ ಕಂಡಿತು. ಆ ಕಿಣ್ವಕ್ಕೆ ಮಿದುಳಿನಲ್ಲಿ ಬೇರೆ ಕೆಲಸಗಳೂ ಇವೆ. ಆಸೆ ಇಟ್ಟುಕೊಂಡು ಪ್ರಯೋಗಕ್ಕೆ ಬಂದ ಆ ಕುಟುಂಬಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ನನ್ನ ಉತ್ತರ: ನಿಲ್ಲಿಸುವುದು ಬೇಡ, ತಗ್ಗಿಸುವುದು ಸಾಧ್ಯವಾಗಬಹುದು. ಎಪಿಪಿ ತಯಾರಿಸಲು ಕೋಶ ಓದುವ ಆದೇಶಪತ್ರವಾದ ಆರ್‌ಎನ್‌ಎಯನ್ನೇ ಗುರಿಯಾಗಿಸಿ ಬೆನ್ನುಹುರಿಯ ದ್ರವಕ್ಕೆ ಕೊಡುವ ಚುಚ್ಚುಮದ್ದೊಂದು ಮನುಷ್ಯರಲ್ಲಿ ಪರೀಕ್ಷೆಯಾಗುತ್ತಿದೆ. ಆ ದ್ರವದಲ್ಲಿ ಎಪಿಪಿ ತುಂಡುಗಳು ಇಳಿದದ್ದು 2023ರಲ್ಲಿ ವರದಿಯಾಯಿತು. ನೆನಪು ಉಳಿಯುತ್ತದೆಯೇ ಎನ್ನುವುದು ಬೇರೆ ಪರೀಕ್ಷೆ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು, ಜೀನ್ ಟೆಸ್ಟ್. ಅಜ್ಜಿಗೆ ಎಂಬತ್ತರ ಹತ್ತಿರ ಮರೆವು ಬಂತೆಂದು ಎಪಿಪಿ ಜೀನ್ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಆ ಜೀನಿನ ದೋಷದಿಂದ ರೋಗ ಬರುವುದು ತೀರಾ ಕಡಿಮೆ ಜನರಿಗೆ. ತಲೆಮಾರಿನಿಂದ ತಲೆಮಾರಿಗೆ ಐವತ್ತರ ಆಸುಪಾಸಿನಲ್ಲೇ ಬರುತ್ತಿದ್ದರೆ ಮಾತ್ರ ನ್ಯೂರಾಲಜಿಸ್ಟ್ ಹತ್ತಿರ ಆ ಮಾತು ಎತ್ತಿ.