ಹದಿನಾರು ಓಟು

ಮೇ 14, 2023, ಭಾನುವಾರ
ಜಯನಗರ, ಬೆಂಗಳೂರು

ಕಣ್ಣು ಉರಿಯುತ್ತಿದೆ. ರಾತ್ರಿ ಮಲಗುವಾಗ ಒಂದು ಗಂಟೆ ದಾಟಿತ್ತು. ಸರ್ಕಾರ ಯಾರದು ಅನ್ನೋದು ನಿನ್ನೆ ಮಧ್ಯಾಹ್ನವೇ ಗೊತ್ತಾಗಿತ್ತು. ಟಿವಿಯವರು ಆಗಲೇ ಮುಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರಾ, ಡಿ.ಕೆ. ಶಿವಕುಮಾರಾ ಅಂತ ಶುರು ಮಾಡಿದ್ದರು. ನಮ್ಮ ಕ್ಷೇತ್ರದ ಎಣಿಕೆ ಮಾತ್ರ ಮುಗಿಯಲೇ ಇಲ್ಲ.

ಮೊದಲು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಗೆದ್ದರು ಅಂತ ಸುದ್ದಿ ಬಂತು. ಬಿಜೆಪಿಯವರು ಮರುಎಣಿಕೆ ಕೇಳಿದರು. ತಿರಸ್ಕಾರವಾಗಿದ್ದ ಅಂಚೆ ಮತಗಳನ್ನು ಮತ್ತೆ ಲೆಕ್ಕಕ್ಕೆ ತಗೊಂಡರು ಅಂತ ಕಾಂಗ್ರೆಸ್‌ನವರ ತಕರಾರು. ಎಣಿಕೆ ನಡೆಯುತ್ತಿದ್ದ ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಹೊರಗೆ ಗಲಾಟೆಯೋ ಗಲಾಟೆ. ಕೊನೆಗೆ ಮಧ್ಯರಾತ್ರಿ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರು ಅಂತ ಘೋಷಣೆ. 57,797ಕ್ಕೆ 57,781. ಬರೀ 16 ಓಟು! ನಮ್ಮ ಬಿಲ್ಡಿಂಗಿನ ಎರಡು ಮಹಡಿಯವರು ಸೇರಿದರೆ ಅಷ್ಟಾಗುತ್ತಾರೆ.

ಕಣದಲ್ಲಿ ಇನ್ನೊಬ್ಬರು ಸೌಮ್ಯಾ ಎ. ರೆಡ್ಡಿ ಇದ್ದರು, ಪಕ್ಷೇತರರು. ಅವರಿಗೆ ಬಂದದ್ದು 320 ಓಟು. ಬುಧವಾರ ಬೂತಿನಿಂದ ಹೊರಗೆ ಬರುತ್ತಲೇ ಅತ್ತೆ ಕೇಳಿದ್ದರು, "ಏನೇ, ಇಬ್ಬರು ಸೌಮ್ಯಾ ಇದ್ದಾರಲ್ಲೇ ಅದರಲ್ಲಿ?" ಹೆಸರಿನ ಪಕ್ಕ ಫೋಟೋ ಇರುತ್ತೆ ಅಲ್ವಾ ಅಮ್ಮ ಅಂದೆ. "ಅಷ್ಟು ಚಿಕ್ಕ ಫೋಟೋ ಯಾರಿಗೆ ಕಾಣಿಸುತ್ತೆ?" ಅಂದರು. ಆಮೇಲೆ ಯಾವ ಗುಂಡಿ ಒತ್ತಿದರು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿನ್ನೆ ರಾತ್ರಿ ಫಲಿತಾಂಶ ಬಂದಾಗ ಮಾತ್ರ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಸುಮ್ಮನೆ ಕೂತರು.

ನಮ್ಮೆಜಮಾನರು ಚಾಮರಾಜನಗರದ ಕಡೆಯವರು. ಅವರಿಗೆ 16 ದೊಡ್ಡ ಸಂಖ್ಯೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ಓಟಿನಿಂದ. ಅವರ ಡ್ರೈವರಿಗೇ ಓಟು ಹಾಕೋಕೆ ಬಿಡುವಾಗಲಿಲ್ಲವಂತೆ ಅಂತ ಆ ಕಡೆ ಜನ ಈಗಲೂ ಹೇಳುತ್ತಾರೆ. ಗೆದ್ದ ಧ್ರುವನಾರಾಯಣ ಈ ಮಾರ್ಚ್‌ನಲ್ಲಿ ತೀರಿಕೊಂಡರು. ಕೃಷ್ಣಮೂರ್ತಿ ನಿನ್ನೆ ಕೊಳ್ಳೇಗಾಲದಲ್ಲಿ 59 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದಾರೆ. ಇವರು ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. ಯಾವ ಪಕ್ಷ ಅಂತಲ್ಲ, ಹತ್ತೊಂಬತ್ತು ವರ್ಷದ ಬಾಕಿ ತೀರಿತಲ್ಲ ಅಂತ.

ನನ್ನ ಸಂಕಟ ಬೇರೆ. ಮಗನಿಗೆ ಜನವರಿಗೆ ಮೊದಲೇ ಹದಿನೆಂಟು ತುಂಬಿತ್ತು. ಮತದಾರರ ಪಟ್ಟಿಗೆ ಹೆಸರು ಸೇರಿಸೋ ಫಾರಂ 6 ತುಂಬಿಸೋಣ, ನಾಳೆ ಮಾಡೋಣ, ಪರೀಕ್ಷೆ ಮುಗೀಲಿ ಅಂತ ನಾನೇ ತಳ್ಳಿಕೊಂಡು ಬಂದೆ. ನೆನಪಾಗುವಷ್ಟರಲ್ಲಿ ಗಡುವು ಮುಗಿದಿತ್ತು. ಬುಧವಾರ ನಾವು ಮೂವರೂ ಎಡಗೈ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದರೆ ಅವನು ಹಾಲ್‌ನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಒಂದು ಓಟಿಂದ ಏನಾಗುತ್ತೆ ಬಿಡೋ ಅಂತ ಸಮಾಧಾನ ಹೇಳಿದ್ದೂ ನಾನೇ.

ಇವತ್ತು ಬೆಳಿಗ್ಗೆ ಹಾಲಿನ ಪಾತ್ರೆ ಇಡುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು, "ನಾನು ಹಾಕಿದ್ದಿದ್ದರೆ ಒಂದೋ 17 ಆಗ್ತಿತ್ತು, ಇಲ್ಲ 15 ಆಗ್ತಿತ್ತು" ಅಂದ.

"ಯಾವುದು ಆಗ್ತಿತ್ತೋ?"

"ಅದು ಗುಪ್ತ ಮತದಾನ ಅಮ್ಮ. ನೀನು ಮೊದಲು ನನ್ನ ಆಧಾರ್ ಎಲ್ಲಿಟ್ಟಿದ್ದೀಯ ಹೇಳು."

ಬೀರುವಿನ ಕೆಳಗಿನ ಖಾನೆಯಲ್ಲಿ ಸಿಕ್ಕಿತು.